ಮಕ್ಕಳೊಂದಿಗೆ ನ್ಯೂಜೆರ್ಸಿಗೆ ಬರುವ ಮೊದಲು

ಮಗುವಿಗೆ ಒಂದೇಟು ಕೊಟ್ಟರೂ ಇಲ್ಲಿ ಪೊಲೀಸರು ಬಂದು ಮಕ್ಕಳನ್ನು ಕರೆದೊಯ್ಯುತ್ತಾರಂತೆ, ನಿಜವೇ ಎಂದು ಕೇಳಿದ್ದೀರಿ. ಎಡಿಸನ್‌ನಲ್ಲಿ ಮನೆ, ನಾಲ್ಕು ವರ್ಷದ ಮಗಳು, ಕೈಗೂಸು ಮಗ, ಕೆಲಸಕ್ಕಾಗಿ ಕೊಡುವ ಎಚ್‌-1ಬಿ ವೀಸಾ ಎಂದೂ ಬರೆದಿದ್ದೀರಿ. ಆ ವೀಸಾದ ಕಾರಣಕ್ಕೇ ವಿವರವಾಗಿ ಹೇಳುತ್ತೇನೆ.

ತಂದೆತಾಯಿಯ ವಿಷಯದಲ್ಲಿ ಕಾನೂನು ತಡೆಯುವುದು ‘ಅತಿಯಾದ’ ದೈಹಿಕ ಶಿಕ್ಷೆಯನ್ನು. ಯಾವುದು ಅತಿ ಎಂದು ತೀರ್ಮಾನಿಸುವವರು ಮಾತ್ರ ಬೇರೆಯವರು. ಶಾಲೆಗಳಲ್ಲಿ ಹೊಡೆಯುವುದನ್ನು 1867ರಲ್ಲೇ ನಿಷೇಧಿಸಿದ ರಾಜ್ಯವಿದು. ಬಾಸುಂಡೆ ಕಂಡ ಶಿಕ್ಷಕಿ ಸುಮ್ಮನಿರುವಂತಿಲ್ಲ. ಅವರಷ್ಟೇ ಏಕೆ, ಅನುಮಾನಕ್ಕೆ ಕಾರಣವಿದ್ದರೆ ನೆರೆಯವರೂ ರಾಜ್ಯದ ಮಕ್ಕಳ ರಕ್ಷಣಾ ಸಹಾಯವಾಣಿಗೆ ತಿಳಿಸಲೇಬೇಕು. ಹೊಡೆಯುವ ಅಭ್ಯಾಸವಿದ್ದರೆ ದಯವಿಟ್ಟು ಊರಲ್ಲೇ ಬಿಟ್ಟು ಬನ್ನಿ. ಮಕ್ಕಳ ಒಳಿತಿಗೂ ಅದೇ ಸರಿ.

ನಾನು ಹೆಚ್ಚು ಹೆದರುವುದು ಕಾರಿನ ವಿಷಯಕ್ಕೆ. 2009ರಲ್ಲಿ ಎಡಿಸನ್ ಪಕ್ಕದ ಸೌತ್ ಪ್ಲೇನ್‌ಫೀಲ್ಡ್‌ನಲ್ಲಿ ತಾಯಿಯೊಬ್ಬರು, ನಿದ್ದೆಹೋಗಿದ್ದ 19 ತಿಂಗಳ ಮಗುವನ್ನು ಕಾರಿನಲ್ಲೇ ಬಿಟ್ಟು, ಎಂಜಿನ್ ಆರಿಸದೆ, ಕೆಲವು ನಿಮಿಷ ಅಂಗಡಿಗೆ ಹೋದರು. ಹಿಂದಿರುಗುವಷ್ಟರಲ್ಲಿ ಪೊಲೀಸರು ಕಾಯುತ್ತಿದ್ದರು. ಮಗುವಿಗೆ ಏನೂ ಆಗಿರಲಿಲ್ಲ. ಆದರೂ ತಾಯಿಯ ಹೆಸರು ಮಕ್ಕಳನ್ನು ನಿರ್ಲಕ್ಷಿಸಿದವರ ದಾಖಲೆಗೆ ಸೇರಿತು. ವಿಚಾರಣೆಯ ಅವಕಾಶ ಕೊಡದೆ ಹೀಗೆ ಮಾಡುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು 2015ರಲ್ಲಿ. ಅಷ್ಟು ವರ್ಷ ಹೋರಾಡಲು ಎಲ್ಲರಿಂದ ಸಾಧ್ಯವೇ? ಎರಡು ನಿಮಿಷದ ಹಾಲಿನ ಪ್ಯಾಕೆಟ್ಟಿಗೂ ಮಗುವನ್ನು ಎತ್ತಿಕೊಂಡೇ ಇಳಿಯಿರಿ.

ದೂರು ಬಂದರೆ ಎರಡು ದಾರಿಗಳಲ್ಲಿ ವ್ಯವಹಾರ ಸಾಗಬಹುದು. ಮೊದಲನೆಯದು ರಾಜ್ಯದ ಮಕ್ಕಳ ರಕ್ಷಣಾ ವಿಭಾಗದ ತನಿಖೆ. ಹಳಬರು ಇಂದಿಗೂ ಅದನ್ನು ಅದರ ಹಳೆಯ ಹೆಸರಿನ ಹ್ರಸ್ವರೂಪದಿಂದ ‘ಡೈಫಸ್’ (DYFS) ಎನ್ನುತ್ತಾರೆ. ಎರಡನೆಯದು ಕ್ರಿಮಿನಲ್ ಮೊಕದ್ದಮೆ. ಮಗುವಿನ ಹೊಣೆ ಹೊತ್ತವರ ಮೇಲೆ ಅಪಾಯಕ್ಕೊಡ್ಡಿದ ಆರೋಪ ಸಾಬೀತಾದರೆ 5ರಿಂದ 10 ವರ್ಷದವರೆಗೆ ಸೆರೆವಾಸವಾಗಬಹುದು. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆ ಸಾಕ್ಷಿಯಾಗಬಲ್ಲದು. ನಾವು ಕಂಗಾಲಾದಾಗ ಎಲ್ಲವನ್ನೂ ವಿವರಿಸಿ ಒಪ್ಪಿಸಲು ಹೊರಡುತ್ತೇವೆ, ಅಲ್ಲೇ ಅಪಾಯ. ಪೊಲೀಸರಿಗೆ ‘ವಕೀಲರಿಲ್ಲದೆ ಮಾತನಾಡುವುದಿಲ್ಲ’ ಎಂದು ವಿನಯದಿಂದ ಹೇಳುವ ಹಕ್ಕು ವೀಸಾದಲ್ಲಿರುವವರಿಗೂ ಇದೆ. ತನಿಖಾಧಿಕಾರಿ ಬಾಗಿಲಿಗೆ ಬಂದರೆ ಜಗಳವಾಡಬೇಡಿ; ಕೋರ್ಟಿನ ಆದೇಶವಿದೆಯೇ ಎಂದು ಕೇಳಿ, ತಕ್ಷಣ ವಕೀಲರಿಗೆ ಕರೆಮಾಡಿ. ಶುಲ್ಕ ಕೊಡಲಾಗದವರಿಗೆ ಸರ್ಕಾರವೇ ವಕೀಲರನ್ನು ನೇಮಿಸುತ್ತದೆ. ಅಂಗಡಿಯ ಕ್ಯಾಮೆರಾ ದೃಶ್ಯ, ರಸೀದಿಯ ಮೇಲಿನ ಸಮಯ, ಫೋನ್ ಕರೆಗಳ ದಾಖಲೆ ಇವೇ ನಿಮ್ಮ ಬಲ. ದೃಶ್ಯಗಳು ಬೇಗ ಅಳಿಸಿಹೋಗುತ್ತವೆ, ಅವನ್ನು ಕಾಯ್ದಿಡುವಂತೆ ವಕೀಲರಿಂದ ಮೊದಲ ದಿನವೇ ಪತ್ರ ಬರೆಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನದು. ‘ಸಣ್ಣ ಆರೋಪ ಒಪ್ಪಿಕೊಳ್ಳಿ, ದಂಡ ಕಟ್ಟಿದರೆ ಮುಗಿಯಿತು’ ಎಂಬ ಸಲಹೆ ಬರಬಹುದು. ಅಮೆರಿಕದ ಪೌರರಿಗೆ ಅಲ್ಲಿಗೆ ಮುಗಿಯಬಹುದು, ನಮಗಲ್ಲ. ಮಕ್ಕಳ ಮೇಲಿನ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಅಪರಾಧ ಸಾಬೀತಾದರೆ ಹಸಿರು ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಮಗುವಿಗೆ ಗಾಯವಾಗದ ಕೆಲವು ಪ್ರಕರಣಗಳೂ ಇದರೊಳಗೆ ಬರುತ್ತವೆ. ತಪ್ಪೊಪ್ಪಿಗೆಯ ವಲಸೆ ಪರಿಣಾಮವನ್ನು ವಕೀಲರು ತಿಳಿಸಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟಿನ 2010ರ ಪಡಿಯಾ ತೀರ್ಪು ಹೇಳಿದೆ. ವಲಸೆ ವಕೀಲರ ಅಭಿಪ್ರಾಯ ಬರಹದಲ್ಲಿ ಬರುವ ತನಕ ಎಲ್ಲಿಯೂ ಸಹಿ ಹಾಕಬೇಡಿ.

ಇನ್ನೊಂದು ವಿಷಯ. ನಮ್ಮ ಎಷ್ಟೋ ಕೂಸುಗಳ ಬೆನ್ನು, ಕುಂಡೆಯ ಮೇಲೆ ಹುಟ್ಟಿನಿಂದಲೇ ನೀಲಿ ಮಚ್ಚೆಗಳಿರುತ್ತವೆ. ಪರಿಚಯವಿಲ್ಲದವರ ಕಣ್ಣಿಗೆ ಅವು ಪೆಟ್ಟಿನ ಕಲೆಗಳಂತೆಯೇ ಕಾಣುತ್ತವೆ. ಮಗನಿಗೂ ಇದ್ದರೆ, ಡೇಕೇರ್‌ಗೆ ಸೇರಿಸುವ ಮೊದಲೇ ಮಕ್ಕಳ ವೈದ್ಯರಿಂದ ದಾಖಲೆಯಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಡೇಕೇರ್‌ನವರಿಗೂ ಕೊಡಿ.