ನಿಮ್ಮ ಪ್ರಶ್ನೆ, ನನ್ನ ಉತ್ತರ: ಸಾಲ ಬೇಡ, ಮೊದಲು ನಮೂನೆ ಸಿದ್ಧ ಮಾಡಿಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಮನೆಯಿಂದಲೇ ಅನುವಾದ, ಕರಡು ತಿದ್ದುವ ಕೆಲಸ ಶುರು ಮಾಡಬೇಕೆಂದಿರುವವರದೇ ಹೆಚ್ಚು. ಮೈಸೂರಿನಲ್ಲಿ ಕೂತು ಇದೇ ಕೆಲಸದಿಂದ ಮನೆ ನಡೆಸುತ್ತಿರುವವಳಾಗಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಮಗುವಾದ ಮೇಲೆ ಬಿಟ್ಟೆ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ದುಡಿಯುವ ಆಸೆ. ಲ್ಯಾಪ್‌ಟಾಪ್, ಪ್ರಿಂಟರ್, ಮೇಜು, ಕುರ್ಚಿ ಅಂತ ಒಂದು ಲಕ್ಷ ಸಾಲ ಮಾಡಬೇಕಾಗುತ್ತದೆ. ಮಾಡಲೇ?
— ಓದುಗರು, ಶಿರಸಿ

ಸಾಲ ಮಾಡಬೇಡಿ ತಂಗಿ. ಶುರುವಿನ ತಿಂಗಳುಗಳಲ್ಲಿ ಈ ಕೆಲಸದ ದುಡ್ಡು ಬಿಟ್ಟು ಬಿಟ್ಟು ಬರುತ್ತದೆ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಆ ಒತ್ತಡದಲ್ಲಿ ಸಿಕ್ಕಿದ ದರಕ್ಕೆ ಒಪ್ಪಿಕೊಂಡವರು ಆಮೇಲೆ ಅದೇ ದರದಿಂದ ಮೇಲೇಳಲಾರದೆ ಒದ್ದಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಕೈಯಲ್ಲಿ ಆರು ತಿಂಗಳ ಮನೆಖರ್ಚು ಇದ್ದರೆ ‘ಈ ದರಕ್ಕೆ ಆಗಲ್ಲ’ ಅಂತ ಹೇಳುವ ಧೈರ್ಯ ಬರುತ್ತದೆ. ನನ್ನ ಮಟ್ಟಿಗೆ ಈ ವೃತ್ತಿಯ ಮೊದಲ ಸಲಕರಣೆ ಅದೇ.

8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಪ್ರಿಂಟರ್ ಬೇಡವೇ ಬೇಡ. ಕುರ್ಚಿಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ, ಬೆನ್ನು ಹೋದರೆ ಕೆಲಸವೂ ಹೋಯಿತು. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ವೈಫೈ ರೂಟರ್ ಆರಿಹೋಗುತ್ತದೆ. ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ, ಅದನ್ನು ಮೊದಲು ತಗೊಳ್ಳಿ.

ಇನ್ನು ದುಡ್ಡಿಗೆ ಸಿಗದ ತಯಾರಿ. ಯೂನಿಕೋಡ್‌ನಲ್ಲಿ ನೋಡದೆ ಟೈಪ್ ಮಾಡುವಷ್ಟು ಕೈ ಪಳಗಲಿ. ನುಡಿ ತಂತ್ರಾಂಶ, ಬರಹ ತಂತ್ರಾಂಶ, ವಿಂಡೋಸ್‌ನಲ್ಲೇ ಇರುವ ಕೀಲಿಮಣೆ ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ಹಳೆಯ ಮುದ್ರಣಾಲಯಗಳಿಂದ ನುಡಿಯ ಆಸ್ಕಿ, ಅಂದರೆ ಯೂನಿಕೋಡ್‌ಗೂ ಹಿಂದಿನ ಪದ್ಧತಿಯ, ಫಾಂಟಿನ ಕಡತಗಳು ಈಗಲೂ ಬರುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲು ಸಾಲಾಗಿ ನೋಡಲೇಬೇಕು. ‘ರಾಜ್‌ಕುಮಾರ್’ ಎಂದು ಬರೆದದ್ದು ‘ರಾಜ್ಕುಮಾರ್’ ಆಗಿಬಿಡುತ್ತದೆ, ಏಕೆಂದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು, ಅದು ಬಿದ್ದುಹೋಗಿರುತ್ತದೆ. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಇವತ್ತೇ ಹುಡುಕಿಟ್ಟುಕೊಳ್ಳಿ.

ಮುಂದೊಂದು ದಿನ ಗ್ರಾಹಕರು ‘ನೀವು ಕಳಿಸಿದ ಫೈಲಿನಲ್ಲಿ ಒತ್ತಕ್ಷರವೆಲ್ಲ ಒಡೆದಿದೆ’ ಅಂತ ಫೋನ್ ಮಾಡುತ್ತಾರೆ. ಗಾಬರಿ ಬೇಡ. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರು ಆ ತಂತ್ರಾಂಶದ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಿಕೊಳ್ಳದಿದ್ದರೆ ಕನ್ನಡ ಹಾಗೆ ಒಡೆಯುತ್ತದೆ. ಈ ಒಂದು ವಿಷಯ ತಿಳಿಸಿ ಪುಟ ಸರಿಯಾಗುವಂತೆ ಮಾಡಿದರೆ, ಆ ಗ್ರಾಹಕರು ನಿಮ್ಮನ್ನು ಬಿಡುವುದಿಲ್ಲ.

ಇನ್ನು ನಮೂನೆಯ, ಅಂದರೆ ನಿಮ್ಮ ಕೆಲಸ ತೋರಿಸುವ ಮಾದರಿಯ ಮಾತು. ‘ಕೆಲಸ ಸಿಕ್ಕ ಮೇಲೆ ತೋರಿಸುತ್ತೇನೆ’ ಎಂದರೆ ಕೆಲಸ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ವಿಭಾಗವಾದ ಪಿಐಬಿಯ ಪ್ರಕಟಣೆಗಳು ಇಂಗ್ಲಿಷ್, ಕನ್ನಡ ಎರಡರಲ್ಲೂ ಬರುತ್ತವೆ. ಇಂಗ್ಲಿಷಿನದನ್ನು ನೀವೇ ಅನುವಾದಿಸಿ, ಆಮೇಲೆ ಅವರ ಕನ್ನಡದ ಪಕ್ಕ ಇಟ್ಟು ನೋಡಿ. ಎಲ್ಲಿ ನಿಮ್ಮ ವಾಕ್ಯ ಇಂಗ್ಲಿಷಿನ ಹಿಂದೆ ಹೋಗಿದೆ, ಎಲ್ಲಿ ಅವರದು ಹೋಗಿದೆ ಎಂದು ಗುರುತು ಹಾಕಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2003ರಿಂದ ಇರುವ ಕನ್ನಡ ವಿಕಿಪೀಡಿಯಕ್ಕೆ ಒಂದೆರಡು ಲೇಖನ ಅನುವಾದಿಸಿದರೆ, ನೀವು ಮಾಡಿದ್ದು ಎನ್ನುವುದಕ್ಕೆ ಅಲ್ಲೇ ದಾಖಲೆ ಉಳಿಯುತ್ತದೆ. ಅನುಮಾನದ ಪದಗಳಿಗೆ ಅಲರ್ ನಿಘಂಟು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಪದಕಣಜ ಎರಡೂ ಉಚಿತ. ಹಿಂದೆ ಅನುವಾದಿಸಿದ ವಾಕ್ಯಗಳನ್ನು ನೆನಪಿಟ್ಟು ಮತ್ತೆ ತೋರಿಸುವ ಒಮೆಗಾಟಿ ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ.

ಮತ್ತೊಂದು: ಈಗ ಯಂತ್ರ ಮಾಡಿದ ಅನುವಾದ ಕಳಿಸಿ ‘ಸುಮ್ಮನೆ ಒಮ್ಮೆ ನೋಡಿಕೊಡಿ’ ಎನ್ನುವವರು ಬರುತ್ತಾರೆ, ದರ ಅರ್ಧ ಎನ್ನುತ್ತಾರೆ. ಮೊದಲು ಎರಡು ಪುಟ ತರಿಸಿ ತಿದ್ದಿ ನೋಡಿ. ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿದರೆ ಪೂರ್ತಿ ದರ ಕೇಳಿ, ಇಲ್ಲವೇ ಗಂಟೆಯ ಲೆಕ್ಕ ಹೇಳಿ. ಸಂಕೋಚ ಬೇಡ.

ಪ್ರಶ್ನೆ: ಒಂದು ಏಜೆನ್ಸಿಗೆ ಕೈಪಿಡಿ ಅನುವಾದ ಮಾಡಿಕೊಟ್ಟೆ. ಚೆನ್ನಾಗಿದೆ ಎಂದರು. ಎರಡು ತಿಂಗಳಾಯಿತು, ದುಡ್ಡಿಲ್ಲ. ಬರೆದ ಒಪ್ಪಂದವೂ ಇಲ್ಲ. ಮುಂದೇನು?
— ಓದುಗರು, ಹುಬ್ಬಳ್ಳಿ

‘ಚೆನ್ನಾಗಿದೆ’ ಎಂದದ್ದು ಇಮೇಲ್‌ನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಇದ್ದರೆ ಅದೇ ನಿಮ್ಮ ಪುರಾವೆ, ಅಳಿಸಬೇಡಿ. ಬಿಲ್ ಕಳಿಸಿಲ್ಲವಾದರೆ ಇವತ್ತೇ ತಾರೀಖು, ಪದಗಳ ಲೆಕ್ಕ, ಮೊತ್ತ ಹಾಕಿ ಕಳಿಸಿ. ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟಿಸು. ಬಾಕಿ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇರುತ್ತದೆ, ಹಾಗಾಗಿ ಎರಡು ತಿಂಗಳಿಗೇ ಕೈಚೆಲ್ಲಬೇಡಿ.

ಮುಂದಿನ ಕೆಲಸಕ್ಕೆ ಮೊದಲು ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು, ಒಂದು ಪೈಸೆ ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ, ಹೀಗೆ ನೋಂದಾಯಿಸಿದ ಸಣ್ಣ ಸೇವಾದಾರರಿಗೆ ಬರಹದ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಬಂದ ತಿದ್ದುಪಡಿ ಇನ್ನೂ ಒಳ್ಳೆಯದು: ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಕಂಪನಿಗೆ, ಹಣ ಕೊಡುವವರೆಗೂ ಆ ಖರ್ಚನ್ನು ತೆರಿಗೆ ಲೆಕ್ಕದ ಆದಾಯದಿಂದ ಕಳೆಯಲು ಬರುವುದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಂಡರೆ ಅವರ ಲೆಕ್ಕಪತ್ರದವರೇ ನಿಮ್ಮ ಪರವಾಗಿ ಅವಸರ ಮಾಡುತ್ತಾರೆ.

ಕೆಲಸ ಒಪ್ಪುವ ಮೊದಲು ನಾನು ಒಂದು ಚಿಕ್ಕ ಇಮೇಲ್ ಕಳಿಸುತ್ತೇನೆ. ಒಟ್ಟು ಪದ ಎಷ್ಟು, ಪದಕ್ಕೆ ದರ ಎಷ್ಟು, ಯಾವತ್ತು ಕೊಡುತ್ತೇನೆ, ಎಷ್ಟು ಸಲ ತಿದ್ದಿಕೊಡುತ್ತೇನೆ, ಹಣ ಯಾವತ್ತು ಬರಬೇಕು. ‘ಒಪ್ಪಿಗೆ’ ಎಂಬ ಉತ್ತರ ಬರುವವರೆಗೆ ಕಡತ ತೆರೆಯುವುದಿಲ್ಲ. ಪದಗಳನ್ನು ಮೂಲ ಇಂಗ್ಲಿಷಿನಲ್ಲೇ ಎಣಿಸಬೇಕೆಂದು ಅದರಲ್ಲಿ ಖಚಿತವಾಗಿ ಬರೆಯಿರಿ. ನಾಲ್ಕಾರು ಇಂಗ್ಲಿಷ್ ಪದಗಳನ್ನು ಕನ್ನಡ ವಿಭಕ್ತಿ ಸೇರಿಸಿ ಒಂದೇ ಪದ ಮಾಡಿಬಿಡುತ್ತದೆ. ಕನ್ನಡ ಎಣಿಸಿದರೆ ನಷ್ಟ ನಿಮಗೆ.

ಪ್ರಶ್ನೆ: ಜಿಎಸ್‌ಟಿ ಇಲ್ಲದೆ ಬಿಲ್ ಕೊಡಬಹುದೇ? ಒಬ್ಬರು ಶೇ 10 ಹಿಡಿದುಕೊಂಡು ಹಣ ಕೊಟ್ಟಿದ್ದಾರೆ.
— ಓದುಗರು, ತುಮಕೂರು

ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಿಡಿದ ಶೇ 10 ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ, ಆಗಲೇ ಮರಳಿ ಬರುವುದು.

ಪ್ರಶ್ನೆ: ಪುಟ ನೋಡಿ ಟೈಪ್ ಮಾಡುವ ಕೆಲಸ, ತಿಂಗಳಿಗೆ 25 ಸಾವಿರ, ಮೊದಲು 3 ಸಾವಿರ ಠೇವಣಿ ಎಂದಿದ್ದಾರೆ. ಸೇರಲೇ?
— ಓದುಗರು, ರಾಯಚೂರು

ಬೇಡ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ತಗೊಳ್ಳಬಾರದು. ಇಂಥವರು ಠೇವಣಿ ನುಂಗಿ ಸುಮ್ಮನಾಗುವುದಿಲ್ಲ. ಟೈಪ್ ಮಾಡಿ ಕಳಿಸಿದ ಮೇಲೆ ‘ತಪ್ಪು ಹೆಚ್ಚಿದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ’ ಎಂದು ಕೋರ್ಟಿನ ಹೆಸರಲ್ಲಿ ಹೆದರಿಸುತ್ತಾರೆ. ಆ ನೋಟಿಸಿಗೆ ಅಂಜಿ ಮತ್ತೆ ಹಣ ಹಾಕಿದ ಹುಡುಗಿಯರ ಪತ್ರಗಳು ನನ್ನ ಬಳಿ ಇವೆ, ಓದಿದರೆ ಹೊಟ್ಟೆ ಉರಿಯುತ್ತದೆ. ಆಧಾರ್ ಪ್ರತಿ, ಸಹಿ ಯಾವುದನ್ನೂ ಕಳಿಸಬೇಡಿ. ಈಗಾಗಲೇ ಹಣ ಹಾಕಿದ್ದರೆ ನಾಳೆಯವರೆಗೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಅವರು ಕಳಿಸಿದ ಸಂದೇಶ, ಯುಪಿಐ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೇ ಆ ನಂಬರನ್ನು ಬ್ಲಾಕ್ ಮಾಡಿ.