ಕಂಪ್ಯೂಟರ್ ಆನ್ ಇರುವಾಗಲೇ ಹಾರ್ಡ್ ಡಿಸ್ಕ್ ತೆಗೆಯಬಹುದೇ?

ಪ್ರಶ್ನೆ: ನಾನು ಸಮಾರಂಭಗಳ ವಿಡಿಯೋ ತೆಗೆದು ಎಡಿಟ್ ಮಾಡುತ್ತೇನೆ. ಮುಗಿದ ಕೆಲಸಗಳನ್ನೆಲ್ಲ ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟಿದ್ದೇನೆ. ಹಳೆಯ ಫೈಲ್ ಬೇಕಾದಾಗಲೆಲ್ಲ ಕಂಪ್ಯೂಟರ್ ಆಫ್ ಮಾಡಿ, ಕ್ಯಾಬಿನೆಟ್ ಬಿಚ್ಚಿ, ಕೇಬಲ್ ಬದಲಿಸಬೇಕು. ಸರ್ವರ್‌ಗಳಲ್ಲಿ ಮುಂದಿನಿಂದಲೇ ಡಿಸ್ಕ್ ತೂರಿಸಿ ತೆಗೆಯುತ್ತಾರಲ್ಲ, ಅಂಥದ್ದನ್ನು ಮಾಮೂಲಿ ಡೆಸ್ಕ್‌ಟಾಪಿಗೆ ಹಾಕಿಸಬಹುದೇ? ಆನ್ ಇರುವಾಗಲೇ ತೆಗೆದರೆ ಡಿಸ್ಕ್ ಸುಟ್ಟುಹೋಗುವುದಿಲ್ಲವೇ?

ಉತ್ತರ: ಧಾರಾಳವಾಗಿ ಹಾಕಿಸಬಹುದು. ಸುಟ್ಟುಹೋಗುವ ಭಯ ಬೇಡ. ನಿಮ್ಮ ಡಿಸ್ಕ್‌ಗಳಲ್ಲಿರುವ ಸಾಟಾ ಜೋಡಣೆ 2003ರಲ್ಲಿ ಬಂತು. ಕರೆಂಟ್ ಇರುವಾಗಲೇ ಹಾಕಿ ತೆಗೆಯಬೇಕಾಗುತ್ತದೆ ಎಂದು ಯೋಚಿಸಿಯೇ ಅದರ ಪಿನ್‌ಗಳನ್ನು ರೂಪಿಸಿದ್ದಾರೆ. ಒಂದು ಡಿಸ್ಕನ್ನು ಬೆಳಕಿಗೆ ಹಿಡಿದು ಹಿಂಭಾಗ ನೋಡಿ. ಡೇಟಾ ಕಡೆ 7, ಕರೆಂಟ್ ಕಡೆ 15 ಚಿನ್ನದ ಬಣ್ಣದ ಪಟ್ಟಿಗಳಿವೆ. ಎಲ್ಲ ಒಂದೇ ಉದ್ದ ಇಲ್ಲ, ಅಲ್ವಾ? ಡಿಸ್ಕ್ ಒಳಗೆ ಹೋಗುವಾಗ ಮೊದಲು ಗ್ರೌಂಡ್ ತಾಗುತ್ತದೆ. ಆಮೇಲೆ ಪ್ರೀಚಾರ್ಜ್ ಪಿನ್ ತಾಗಿ, ಕರೆಂಟ್ ಒಮ್ಮೆಲೇ ನುಗ್ಗದಂತೆ ತಡೆಯುತ್ತದೆ. ಉಳಿದ ಪಿನ್‌ಗಳ ಸರದಿ ಕೊನೆಗೆ. ಹೊರಗೆ ಎಳೆಯುವಾಗ ಇದೇ ಕ್ರಮ ಹಿಂದುಮುಂದಾಗುತ್ತದೆ.

ಹಾಗಂತ ಕ್ಯಾಬಿನೆಟ್ ಬಾಗಿಲು ತೆಗೆದಿಟ್ಟುಕೊಂಡು, ಒಳಗೆ ಕರೆಂಟ್ ಹಂಚುವ ಘಟಕವಾದ ಎಸ್‌ಎಂಪಿಎಸ್‌ನಿಂದ ಬರುವ ಕೇಬಲನ್ನೇ ದಿನಾ ಕಿತ್ತು ಹಾಕಬೇಡಿ. ಒಳಗಿನ ಸಾಟಾ ಕೇಬಲ್ ಸುಮಾರು 50 ಸಲ ಹಾಕಿ ತೆಗೆಯುವುದಕ್ಕೆ ಮಾತ್ರ ಮಾಡಿದ್ದು. ಆನ್ ಇರುವಾಗಲೇ ಡಿಸ್ಕ್ ಬದಲಿಸುವುದಕ್ಕೆ ಹಾಟ್ ಸ್ವ್ಯಾಪ್ ಎನ್ನುತ್ತಾರೆ. ಅದಕ್ಕೆಂದೇ ಇರುವ ಪೆಟ್ಟಿಗೆಯ ಹಿಂಬದಿಯಲ್ಲಿ ಬ್ಯಾಕ್‌ಪ್ಲೇನ್ ಎಂಬ ಸರ್ಕ್ಯೂಟ್ ಹಲಗೆ ಇರುತ್ತದೆ. ಅದರ ಜೋಡಣೆ 500 ಸಲಕ್ಕೆ ಲೆಕ್ಕ ಹಾಕಿದ್ದು. ಕೇಬಲ್ ಎಳೆದಾಡಿದರೆ ಡಿಸ್ಕ್ ಕಡೆಯ ಎಲ್ ಆಕಾರದ ಪ್ಲಾಸ್ಟಿಕ್ ನಾಲಗೆ ಮುರಿಯುವ ಅಪಾಯವೂ ಇದೆ. ಅದು ಮುರಿದರೆ ಒಳಗಿನ ಡೇಟಾ ಸರಿಯಾಗಿದ್ದರೂ ಓದಲು ಪರದಾಡಬೇಕು.

ಈಗ ಪೆಟ್ಟಿಗೆಯ ವಿಷಯ. ನಿಮ್ಮ ಕ್ಯಾಬಿನೆಟ್‌ನ ಮುಂದೆ ಡಿವಿಡಿ ಡ್ರೈವ್ ಕೂರುವ 5.25 ಇಂಚಿನ ಜಾಗ ಇದೆಯೇ ನೋಡಿ. ಹೊಸ ಕ್ಯಾಬಿನೆಟ್‌ಗಳಲ್ಲಿ ಈ ಜಾಗವನ್ನು ತೆಗೆದೇಬಿಟ್ಟಿರುತ್ತಾರೆ. ನಾನು ನನ್ನ ಹಳೆಯ ಕ್ಯಾಬಿನೆಟ್ ಬಿಡದಿರುವುದು ಇದೊಂದೇ ಕಾರಣಕ್ಕೆ. ಅಲ್ಲಿ ಕೂರುವ ಪೆಟ್ಟಿಗೆಗಳಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಡಿಸ್ಕನ್ನೂ ಟ್ರೇಗೆ ಹಾಕಿ ಸ್ಕ್ರೂ ಬಿಗಿಯಬೇಕು. ಇನ್ನೊಂದು ಟ್ರೇಲೆಸ್. ಬಾಗಿಲು ತೆಗೆದು ಬರಿಯ ಡಿಸ್ಕನ್ನೇ ತಳ್ಳಿದರಾಯಿತು. ನಿಮ್ಮಂತೆ ಕಪಾಟಿನ ತುಂಬ ಡಿಸ್ಕ್ ಇಟ್ಟವರು ಎರಡನೆಯದನ್ನೇ ತೆಗೆದುಕೊಳ್ಳಿ. ಟ್ರೇ ಬಗೆಯಲ್ಲಿ ಒಂದು ಕಂಪನಿಯ ಟ್ರೇ ಇನ್ನೊಂದರ ಪೆಟ್ಟಿಗೆಗೆ ಕೂರುವುದಿಲ್ಲ. ಆ ಮಾಡೆಲ್ ನಿಂತುಹೋದ ಮೇಲೆ ಟ್ರೇ ಹುಡುಕಿ ಹುಡುಕಿ ಸಾಕಾಗುತ್ತದೆ.

ಎರಡು ಡಿವಿಡಿ ಜಾಗದಲ್ಲಿ ಮೂರು ಡಿಸ್ಕ್, ಮೂರು ಜಾಗದಲ್ಲಿ ಐದು ಡಿಸ್ಕ್ ಕೂರಿಸುವ ಪೆಟ್ಟಿಗೆಗಳೂ ಇವೆ. ಇವುಗಳಲ್ಲಿ ಡಿಸ್ಕ್‌ಗಳು ಒತ್ತೊತ್ತಾಗಿ ಕೂರುವುದರಿಂದ ಬಿಸಿ ಜಾಸ್ತಿ. ಫ್ಯಾನ್ ಇರುವುದನ್ನೇ ಕೊಳ್ಳಿ. ಫ್ಯಾನ್ ದೊಡ್ಡದಿದ್ದಷ್ಟೂ ಒಳ್ಳೆಯದು, ಸಣ್ಣ ಫ್ಯಾನ್ ಕೀರಲು ಸದ್ದು ಮಾಡುತ್ತದೆ. ರಾತ್ರಿ ಹೆಡ್‌ಫೋನ್ ಇಲ್ಲದೆ ಎಡಿಟ್ ಮಾಡುವವರಿಗೆ ಅದು ನಿಜಕ್ಕೂ ಹಿಂಸೆ.

ಕರೆಂಟನ್ನೂ ಲೆಕ್ಕ ಹಾಕಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಂದೆರಡು ಡಿಸ್ಕ್ ಆದರೆ ತೊಂದರೆಯಿಲ್ಲ. ಐದು ಡಿಸ್ಕ್‌ಗಳನ್ನು ಒಂದೇ ವೈರಿನಿಂದ, ಅದರಲ್ಲೂ ಅಗ್ಗದ ಕನ್ವರ್ಟರ್ ಮೂಲಕ, ನಡೆಸಬೇಡಿ. ಮೊಲೆಕ್ಸ್ ಎಂಬ ನಾಲ್ಕು ಪಿನ್ನಿನ ಹಳೆಯ ಕರೆಂಟ್ ಜೋಡಣೆಯಿಂದ ಸಾಟಾಗೆ ಬದಲಿಸುವ, ಅಚ್ಚು ಹಾಕಿದ ಪ್ಲಾಸ್ಟಿಕ್ ತುದಿಯ ಕನ್ವರ್ಟರ್‌ಗಳು ಕರಗಿ ಬೆಂಕಿ ಹತ್ತಿಕೊಂಡದ್ದುಂಟು. ಪೆಟ್ಟಿಗೆಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ವೈರನ್ನೇ ಕೊಡಿ.

ಮದರ್‌ಬೋರ್ಡ್‌ನಲ್ಲಿ ಖಾಲಿ ಸಾಟಾ ಪೋರ್ಟ್ ಎಷ್ಟಿವೆ ಎಂದು ಎಣಿಸುವಾಗ ಅದರ ಪುಸ್ತಕವನ್ನೂ ತೆರೆದು ನೋಡಿ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ಎಂಬ ಪುಟ್ಟ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಪೋರ್ಟ್ ಸಾಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿಸಬಹುದು.

ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಲ್ಲಿ, ಎರಡು ಕಡೆ ಕಣ್ಣಾಡಿಸಬೇಕು. ಸಾಟಾ ಮೋಡ್ ಎಎಚ್‌ಸಿಐ ಆಗಿರಬೇಕು. ಹಳೆಯ ಐಡಿಇ ಮೋಡ್‌ನಲ್ಲಿ ಹಾಟ್ ಸ್ವ್ಯಾಪ್ ನಡೆಯುವುದಿಲ್ಲ. ಈಗ ಐಡಿಇ ಇದ್ದರೆ ಸುಮ್ನೆ ಬದಲಿಸಿಬಿಡಬೇಡಿ, ವಿಂಡೋಸ್ ಏಳದೇ ಹೋಗಬಹುದು. ಮೊದಲು ವಿಂಡೋಸನ್ನು ಅದಕ್ಕೆ ಸಿದ್ಧ ಮಾಡಬೇಕು. ಇನ್ನೊಂದು, ಪ್ರತಿ ಪೋರ್ಟ್‌ಗೂ ಬೇರೆ ಬೇರೆಯಾಗಿ ಇರುವ ಹಾಟ್ ಪ್ಲಗ್ ಆಯ್ಕೆ. ಪೆಟ್ಟಿಗೆಗೆ ಹೋಗುವ ಪೋರ್ಟ್‌ಗಳಿಗೆ ಮಾತ್ರ ಅದನ್ನು ಆನ್ ಮಾಡಿ. ಆಗ ಪೆನ್ ಡ್ರೈವ್ ತೆಗೆಯುವಾಗ ಒತ್ತುತ್ತೀರಲ್ಲ, ಆ ಐಕಾನಿನ ಪಟ್ಟಿಯಲ್ಲಿ ಈ ಡಿಸ್ಕ್ ಕೂಡ ಕಾಣುತ್ತದೆ. ವಿಂಡೋಸ್ ಇರುವ ಡಿಸ್ಕ್ ಆ ಪಟ್ಟಿಗೆ ಬರುವುದೇ ಬೇಡ.

ತೆಗೆಯುವ ರೀತಿಯನ್ನು ಒತ್ತಿ ಹೇಳುತ್ತೇನೆ. ಪಿನ್‌ಗಳು ಡಿಸ್ಕನ್ನು ಕಾಪಾಡುತ್ತವೆ, ಫೈಲನ್ನಲ್ಲ. ಕಾಪಿ ಮುಗಿಯಿತು ಎಂದು ಪರದೆ ಹೇಳಿದ ಮೇಲೂ ಸ್ವಲ್ಪ ಡೇಟಾ ಮೆಮೊರಿಯಲ್ಲೇ ಕಾಯುತ್ತಿರಬಹುದು. ಆ ಐಕಾನಿನಿಂದ ತೆಗೆಯಿರಿ. ಅಲ್ಲಿ ಕಾಣದಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆಫ್‌ಲೈನ್ ಮಾಡಿ. ಲಿನಕ್ಸ್ ಆದರೆ ಅನ್‌ಮೌಂಟ್ ಮಾಡಿ, ಡಿಸ್ಕಿಗೆ ಪವರ್ ಆಫ್ ಆದೇಶ ಕೊಡಿ. ಆಮೇಲೆ ಡಿಸ್ಕನ್ನು ಒಂದು ಬೆರಳಷ್ಟು ಮಾತ್ರ ಹೊರಗೆಳೆದು ಅರ್ಧ ನಿಮಿಷ ಬಿಡಿ. ಒಳಗಿನ ತಟ್ಟೆಗಳು ಬುಗುರಿಯಂತೆ ಇನ್ನೂ ಸುತ್ತುತ್ತಿರುತ್ತವೆ. ಸುತ್ತು ನಿಂತ ಮೇಲೆ ಪೂರ್ತಿ ತೆಗೆಯಿರಿ. ಅವಸರದಲ್ಲಿ ಸುತ್ತುತ್ತಿರುವಾಗಲೇ ಓರೆ ಮಾಡಿ ಎಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದರೊಳಗೆ ಯಾರದೋ ಮಗುವಿನ ಮೊದಲ ಹುಟ್ಟುಹಬ್ಬದ ವಿಡಿಯೋ ಇರಬಹುದು.

ಪ್ರಶ್ನೆ: ನನ್ನ ಕ್ಯಾಬಿನೆಟ್‌ನಲ್ಲಿ ಡಿವಿಡಿ ಜಾಗವೇ ಇಲ್ಲ. ಹೊರಗಿನಿಂದ ಡಿಸ್ಕ್ ಕೂರಿಸಿ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸುವ ಡಾಕ್ ಸಾಕೇ?

ಉತ್ತರ: ಸಾಕು. ಯುಎಸ್‌ಬಿ 3.0ರ ವೇಗ ಸೆಕೆಂಡಿಗೆ 5 ಗಿಗಾಬಿಟ್. ತಿರುಗುವ ಹಾರ್ಡ್ ಡಿಸ್ಕ್‌ಗೆ ಅದು ಬೇಕಾದಷ್ಟಾಯಿತು. ಒಂದು ಎಚ್ಚರಿಕೆ ಮಾತ್ರ ಇದೆ. ಕೆಲವು ಡಾಕ್‌ಗಳು 2 ಟಿಬಿಗಿಂತ ದೊಡ್ಡ ಡಿಸ್ಕ್‌ನ ಸೆಕ್ಟರ್ (ಡೇಟಾ ಇಡುವ ಸಣ್ಣ ಖಾನೆ) ಅಳತೆಯನ್ನು ಕಂಪ್ಯೂಟರಿಗೆ ಬೇರೆಯಾಗಿ ತೋರಿಸುತ್ತವೆ. ಅಂಥ ಡಾಕ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಮುಂದೆ ಸಾಟಾ ಪೋರ್ಟ್‌ಗೆ ನೇರವಾಗಿ ಜೋಡಿಸಿದರೆ ಖಾಲಿ ಎಂಬಂತೆ ಕಾಣುತ್ತದೆ. ಗಾಬರಿಯಲ್ಲಿ ಮತ್ತೆ ಫಾರ್ಮ್ಯಾಟ್ ಒತ್ತಬೇಡಿ. ಅದೇ ಡಾಕ್‌ಗೆ ಹಾಕಿ ನೋಡಿ, ಫೈಲ್‌ಗಳು ಅಲ್ಲೇ ಇರುತ್ತವೆ.

ಪ್ರಶ್ನೆ: ಹೊಸದಾಗಿ ಕೊಂಡ ದೊಡ್ಡ ಡಿಸ್ಕ್ ಹಾಟ್ ಸ್ವ್ಯಾಪ್ ಪೆಟ್ಟಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಎಸ್‌ಎಂಪಿಎಸ್‌ನ ಸಾಟಾ ವೈರಿಗೆ ನೇರವಾಗಿ ಹಾಕಿದರೆ ತಿರುಗುವುದೇ ಇಲ್ಲ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ನೀವು ಹೇಳುವ ಲಕ್ಷಣ ನೋಡಿದರೆ ಕೆಟ್ಟಿರಲಾರದು. ಮೊದಲು ಕರೆಂಟ್ ಕಡೆಯ ಮೂರನೇ ಪಿನ್‌ಗೆ 3.3 ವೋಲ್ಟ್ ಕೊಡುತ್ತಿದ್ದರು. 2016ರಲ್ಲಿ ಬಂದ ಸಾಟಾ 3.3 ಆವೃತ್ತಿಯಲ್ಲಿ ಅದೇ ಪಿನ್‌ಗೆ ಬೇರೆ ಕೆಲಸ ಬಂತು. ಅಲ್ಲಿ ವೋಲ್ಟೇಜ್ ಕಂಡರೆ ಡಿಸ್ಕ್ ಆಫ್ ಆಗಿಯೇ ಇರಬೇಕು. ದೂರದಿಂದಲೇ ಡಿಸ್ಕ್ ನಿಲ್ಲಿಸಿ ಮತ್ತೆ ಎಬ್ಬಿಸಲು ಡೇಟಾ ಸೆಂಟರ್‌ನವರಿಗೆ ಇದು ಬೇಕಿತ್ತು. ನಿಮ್ಮ ಎಸ್‌ಎಂಪಿಎಸ್ ಹಳೆಯ ರೂಢಿಯಂತೆ 3.3 ವೋಲ್ಟ್ ಕೊಡುತ್ತಿದೆ. ಡಿಸ್ಕ್ ಅದನ್ನು ನಿಲ್ಲು ಎಂಬ ಆದೇಶವೆಂದು ತಿಳಿಯುತ್ತಿದೆ. ನಿಮ್ಮ ಪೆಟ್ಟಿಗೆಗೆ ನಾಲ್ಕು ಪಿನ್ನಿನ ಮೊಲೆಕ್ಸ್ ವೈರ್ ಹಾಕಿರಬೇಕು. ಮೊಲೆಕ್ಸ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುವುದರಿಂದ ಅಲ್ಲಿ ಡಿಸ್ಕ್ ತಿರುಗುತ್ತದೆ. ಡಿಸ್ಕ್ ವಾಪಸ್ ಕೊಡುವ ಅಗತ್ಯವಿಲ್ಲ. ಅದನ್ನು ಪೆಟ್ಟಿಗೆಯಲ್ಲೇ ಬಳಸಿ.

ಪ್ರಶ್ನೆ: ಎರಡು ಹಾಟ್ ಸ್ವ್ಯಾಪ್ ಡಿಸ್ಕ್‌ಗಳನ್ನು ರೈಡ್ 1 (ಒಂದೇ ಡೇಟಾವನ್ನು ಎರಡರಲ್ಲೂ ಒಟ್ಟಿಗೆ ಬರೆಯುವ ಜೋಡಿ) ಮಾಡಿ, ವಾರಕ್ಕೊಮ್ಮೆ ಒಂದನ್ನು ಕಿತ್ತು ಬೀರುವಿನಲ್ಲಿಟ್ಟು, ಅದರ ಜಾಗಕ್ಕೆ ಮೂರನೆಯ ಡಿಸ್ಕ್ ಹಾಕುತ್ತೇನೆ. ಹೀಗೆ ಬ್ಯಾಕಪ್ ತಾನಾಗಿ ಆಗುತ್ತದೆ ಎಂದು ಗೆಳೆಯರು ಹೇಳಿಕೊಟ್ಟರು. ಸರಿಯೇ?

ಉತ್ತರ: ದಯವಿಟ್ಟು ಇದನ್ನು ನಿಲ್ಲಿಸಿ. ನೀವು ಡಿಸ್ಕ್ ಕಿತ್ತಾಗ ಅದು ಕೆಟ್ಟುಹೋಯಿತು ಎಂದು ರೈಡ್ ತಿಳಿಯುತ್ತದೆ. ಹೊಸದನ್ನು ಹಾಕಿದೊಡನೆ ಉಳಿದ ಒಂದೇ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಕಲು ಮಾಡಲು ಶುರುಮಾಡುತ್ತದೆ. ದೊಡ್ಡ ಡಿಸ್ಕ್ ಆದರೆ ಇದಕ್ಕೆ ಇಡೀ ದಿನ ಹಿಡಿಯಬಹುದು. ಅಷ್ಟೂ ಹೊತ್ತು ಕಂಪ್ಯೂಟರ್ ಒಳಗೆ ಪೂರ್ತಿ ಡೇಟಾ ಇರುವುದು ಒಂದೇ ಡಿಸ್ಕ್‌ನಲ್ಲಿ. ಡಿಸ್ಕ್‌ಗೆ ಜಾಸ್ತಿ ದುಡಿತ ಇರುವುದೂ ಆಗಲೇ. ವಾರವಾರವೂ ನೀವಾಗಿಯೇ ಆ ಅಪಾಯವನ್ನು ಕರೆದುಕೊಳ್ಳುತ್ತಿದ್ದೀರಿ. ಓಡುತ್ತಿರುವಾಗಲೇ ಕಿತ್ತ ಡಿಸ್ಕ್‌ನಲ್ಲಿ ಅರ್ಧ ಬರೆದ ಫೈಲ್‌ಗಳೂ ಉಳಿದಿರಬಹುದು.

ನಿಮ್ಮ ಉದ್ದೇಶ ಒಳ್ಳೆಯದೇ. ವೈರಸ್ ಬಂದು ಎಲ್ಲ ಫೈಲ್‌ಗೆ ಬೀಗ ಹಾಕಿದರೂ ಬೀರುವಿನಲ್ಲಿರುವ ಡಿಸ್ಕನ್ನು ಅದು ಮುಟ್ಟಲಾರದು. ನಾನು ಹಾಟ್ ಸ್ವ್ಯಾಪ್ ಇಷ್ಟಪಡುವುದೂ ಇದಕ್ಕೇ. ಬ್ಯಾಕಪ್ ಡಿಸ್ಕ್ ಸದಾ ಕಂಪ್ಯೂಟರಿಗೆ ಅಂಟಿಕೊಂಡಿದ್ದರೆ ಅದಕ್ಕೂ ಅದೇ ಗತಿ. ಆದ್ದರಿಂದ ರೈಡ್ ಜೋಡಿಯನ್ನು ಅದರ ಪಾಡಿಗೆ ಬಿಡಿ. ಬ್ಯಾಕಪ್‌ಗೆಂದೇ ಬೇರೆ ಎರಡು ಡಿಸ್ಕ್ ಇಟ್ಟುಕೊಳ್ಳಿ. ವಾರಕ್ಕೊಂದರಂತೆ ಸರದಿಯಲ್ಲಿ ಹಾಕಿ, ಬ್ಯಾಕಪ್ ಪ್ರೋಗ್ರಾಂನಿಂದ ಕಾಪಿ ಮಾಡಿ, ಆಫ್‌ಲೈನ್ ಮಾಡಿ ತೆಗೆಯಿರಿ. ಸಾಧ್ಯವಾದರೆ ಒಂದು ಬೇರೆ ಮನೆಯಲ್ಲಿರಲಿ. ಹೊರಗೆ ಓಡಾಡುವ ಡಿಸ್ಕ್ ಕಳೆದುಹೋಗಬಹುದು, ಅದಕ್ಕೆ ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಷನ್ ಹಾಕಿ, ಅದರ ಕೀಯನ್ನು ಬೇರೆಡೆ ಬರೆದಿಡಿ. ಆಗಾಗ ಆ ಡಿಸ್ಕಿನಿಂದ ಒಂದು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಡಿಸ್ಕನ್ನು ಕ್ಲೋನ್ ಮಾಡಿ (ಇದ್ದಂತೆಯೇ ಪೂರ್ತಿ ನಕಲು ತೆಗೆದು) ಆ ನಕಲನ್ನು ಪೆಟ್ಟಿಗೆಗೆ ಹಾಕಿದೆ. ವಿಂಡೋಸ್ ಅದನ್ನು ಆಫ್‌ಲೈನ್ ಎಂದೇ ತೋರಿಸುತ್ತಿದೆ. ಏನು ಮಾಡಲಿ?

ಉತ್ತರ: ಪ್ರತಿ ಡಿಸ್ಕ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕ್ಲೋನ್ ಮಾಡಿದಾಗ ಅದೂ ನಕಲಾಗುತ್ತದೆ. ಒಂದೇ ಗುರುತಿನ ಎರಡು ಡಿಸ್ಕ್ ಕಂಡ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ನೋಡಲಷ್ಟೇ ಬೇಕಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆನ್‌ಲೈನ್ ಮಾಡಿ, ವಿಂಡೋಸ್ ಹೊಸ ಸಂಖ್ಯೆ ಕೊಡುತ್ತದೆ. ಆದರೆ ಅದರಿಂದಲೇ ಮುಂದೆ ಕಂಪ್ಯೂಟರ್ ಬೂಟ್ ಮಾಡುವ ಯೋಚನೆ ಇದ್ದರೆ ಆನ್‌ಲೈನ್ ಮಾಡಬೇಡಿ. ಗುರುತು ಬದಲಾದರೆ ಬೂಟ್ ಆಗದೇ ಹೋಗಬಹುದು. ಹಾಗೇ ತೆಗೆದಿಡಿ.

ಪ್ರಶ್ನೆ: ಎಂ.2 ಎಸ್‌ಎಸ್‌ಡಿಯನ್ನೂ ಹೀಗೆ ಆನ್ ಇರುವಾಗ ತೆಗೆಯಬಹುದೇ?

ಉತ್ತರ: ಬೇಡ. ಮದರ್‌ಬೋರ್ಡ್ ಮೇಲಿನ ಎಂ.2 ಜಾಗವನ್ನು ಅದಕ್ಕಾಗಿ ಮಾಡಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗನ್ನೂ ತೆಗೆದೇ ಅದನ್ನು ಮುಟ್ಟಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಮಾತ್ರ ಹಾಟ್ ಸ್ವ್ಯಾಪ್ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್‌ನಂತೆಯೇ ನಡೆಯುತ್ತದೆ.

ಪ್ರಶ್ನೆ: ಹಾಗಾದರೆ ವರ್ಷಗಟ್ಟಲೆ ತೆಗೆದಿಡಲು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿಯೇ ಒಳ್ಳೆಯದಲ್ಲವೇ? ತಿರುಗುವ ಭಾಗವೇ ಇಲ್ಲವಲ್ಲ.

ಉತ್ತರ: ಕೆಲಸ ಮಾಡಲು ಎಸ್‌ಎಸ್‌ಡಿ, ತೆಗೆದಿಡಲು ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿಯಲ್ಲಿ ಡೇಟಾ ಇರುವುದು ವಿದ್ಯುತ್ ಕಣಗಳ ರೂಪದಲ್ಲಿ. ಕರೆಂಟ್ ಇಲ್ಲದೆ ಬಹುಕಾಲ ಬಿಟ್ಟರೆ ಅವು ನಿಧಾನವಾಗಿ ಸೋರುತ್ತವೆ. ಬರೆಯುವ ಆಯುಸ್ಸು ಪೂರ್ತಿ ಮುಗಿದ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಂಡರೆ ಸಾಕು ಎಂಬುದು ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಚಿಪ್ ಉದ್ಯಮದ ಮಾನದಂಡ ಸಂಸ್ಥೆಯಾದ ಜೆಡೆಕ್ ಇಟ್ಟಿರುವ ಮಾನದಂಡ. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಎಷ್ಟೋ ಜಾಸ್ತಿ ಕಾಲ ತಾಳುತ್ತದೆ, ಬಿಸಿ ಜಾಸ್ತಿಯಾದಷ್ಟೂ ಕಾಲ ಕಮ್ಮಿಯಾಗುತ್ತದೆ. ಈಗಾಗಲೇ ಎಸ್‌ಎಸ್‌ಡಿಯಲ್ಲೇ ಇಟ್ಟಿದ್ದರೆ, ಕೆಲವು ತಿಂಗಳಿಗೊಮ್ಮೆ ಪೆಟ್ಟಿಗೆಗೆ ಹಾಕಿ ಎಲ್ಲ ಫೈಲ್‌ಗಳನ್ನೂ ಒಂದು ಸಲ ಪೂರ್ತಿ ಓದಿಸಿ, ಅದರ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಡಿ.