ಬಸವಣ್ಣ ಈಗ ಮುಖ್ಯಮಂತ್ರಿ ಆಗಿದ್ದರೆ?

ಪ್ರಶ್ನೆ: 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತಲ್ಲ, ಆಗಿನಿಂದ ನಮ್ಮ ಮನೆಯಲ್ಲಿ ಒಂದು ವಾದ ಮುಗಿದೇ ಇಲ್ಲ. ಅಂಥವರು ಇವತ್ತು ಮುಖ್ಯಮಂತ್ರಿ ಆಗಿದ್ದರೆ ರಾಜ್ಯ ಉದ್ಧಾರ ಆಗುತ್ತಿತ್ತು ಅಂತ ನಾನು. ಆರು ತಿಂಗಳೂ ಕುರ್ಚಿಯಲ್ಲಿ ಉಳಿಯುತ್ತಿರಲಿಲ್ಲ ಅಂತ ನಮ್ಮ ಯಜಮಾನರು. ನೀವೇ ತೀರ್ಮಾನ ಹೇಳಿ ಸಾರ್.
— ಒಬ್ಬ ಶಿಕ್ಷಕಿ, ಹಾವೇರಿ

ಉತ್ತರ: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ನನ್ನ ವೋಟು ನಿಮ್ಮ ಯಜಮಾನರಿಗೆ. ಯಾಕೆ ಅಂತ ಸ್ವಲ್ಪ ಕೇಳಿ.

ಬೇರೆ ಸಂತರ ಬಗ್ಗೆ ಇಂಥ ಪ್ರಶ್ನೆ ಬಂದರೆ ಸುಮ್ನೆ ಊಹೆ ಮಾಡಬೇಕು. ಬಸವಣ್ಣನ ವಿಷಯದಲ್ಲಿ ಆ ಕಷ್ಟ ಇಲ್ಲ. ಅವರು ಅಧಿಕಾರ ನಡೆಸಿ ತೋರಿಸಿದವರು. ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಲೆಕ್ಕ ಬರೆಯುವ ಕರಣಿಕನಾಗಿ ಸೇರಿ, ಕಳಚೂರಿ ಬಿಜ್ಜಳನ ಭಂಡಾರಿ ಆಗಿ, ಕಲ್ಯಾಣದಲ್ಲಿ ಮಂತ್ರಿ ಪದವಿವರೆಗೂ ಹೋದರು ಅಂತ ಪರಂಪರೆ ಹೇಳುತ್ತದೆ. ಅಂದರೆ ಅವರ ಬಯೋಡೇಟಾ ನಮ್ಮ ಕೈಯಲ್ಲೇ ಇದೆ.

ದುಡ್ಡಿನ ವಿಷಯ ಮೊದಲು. ಅಲ್ಲಿ ನೂರಕ್ಕೆ ನೂರು. ಖಜಾನೆ ಹಣವನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾನೆ ಅಂತ ಆಸ್ಥಾನದವರು ಬಿಜ್ಜಳನಿಗೆ ಚಾಡಿ ಹೇಳುತ್ತಾರೆ, ರಾಜ ಲೆಕ್ಕ ತೆಗೆಸುತ್ತಾನೆ, ನೋಡಿದರೆ ಒಂದು ಹೊನ್ನೂ ಕಡಿಮೆ ಇಲ್ಲ. ಇದು ಪುರಾಣದ ಕಥೆ, ಅದರಲ್ಲಿ ಪವಾಡವೂ ಸೇರಿಕೊಂಡಿದೆ, ಬಿಡಿ. ಆದರೆ ಅವರದೇ ಮಾತು ಇದೆಯಲ್ಲ: 'ಹೊನ್ನಿನೊಳಗೊಂದೊರೆಯ, ಸೀರೆಯೊಳಗೊಂದೆಳೆಯ, ಅನ್ನದೊಳಗೊಂದಗುಳ' ಇವತ್ತಿಗೆ ನಾಳೆಗೆ ಬೇಕು ಅಂತ ಎತ್ತಿಟ್ಟುಕೊಂಡರೆ ನಿಮ್ಮಾಣೆ ಅಂತ. ಸೀರೆಯ ಒಂದು ಎಳೆ, ಅನ್ನದ ಒಂದು ಅಗುಳು! ಇವತ್ತು ನಾಮಪತ್ರದ ಜೊತೆ ಆಸ್ತಿ ವಿವರದ ಅಫಿಡವಿಟ್ ಹಾಕುತ್ತಾರಲ್ಲ, ಐದು ವರ್ಷಕ್ಕೊಮ್ಮೆ ಅದು ಹೇಗೆ ಉಬ್ಬುತ್ತದೆ ಅಂತ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಬಸವಣ್ಣನ ಅಫಿಡವಿಟ್ ಅರ್ಧ ಪುಟ ದಾಟುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ಗೆದ್ದಿರಿ. ಆದರೆ ಆಕಳ ಕಥೆ ಇದೆ.

ಬಸವಣ್ಣನ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಮನೆಮಂದಿ ಗದ್ದಲ ಎಬ್ಬಿಸಿದರು. ಆಗ ಇವರು ಹೇಳಿದ್ದು: 'ಆಕಳ ಕಳ್ಳರು ಕೊಂಡೊಯ್ದರೆನ್ನದಿರಿಂ ಭೋ, ನಿಮ್ಮ ಧರ್ಮ, ಬೊಬ್ಬಿಡದಿರಿಂ ಭೋ, ನಿಮ್ಮ ಧರ್ಮ.' ಅಲ್ಲಿ ಉಣ್ಣುವವನೂ ಸಂಗ, ಇಲ್ಲಿ ಉಣ್ಣುವವನೂ ಸಂಗ. ಅಷ್ಟೇ ಅಲ್ಲ, ತಾಯಿ ಇಲ್ಲದೆ ಕರುಗಳು ಒದ್ದಾಡುತ್ತವೆ, ಅವನ್ನೂ ಅಲ್ಲಿಗೇ ಕಳಿಸಿ ಅಂದರಂತೆ. ಓದಿದರೆ ಎದೆ ತುಂಬುತ್ತದೆ. ಸಂತ ಅಂದರೆ ಹೀಗಿರಬೇಕು ಅನಿಸುತ್ತದೆ.

ಈಗ ಇದೇ ಮಾತನ್ನು ಜನತಾ ದರ್ಶನದಲ್ಲಿ ಇಟ್ಟು ನೋಡಿ. ಸಿಂಧನೂರು ಕಡೆಯ ಯಾರೋ ರೈತನ ಎರಡು ಎಮ್ಮೆ ಕಳವಾಗಿವೆ. ಪಾಪ, ಸಂಘದಲ್ಲಿ ಸಾಲ ಮಾಡಿ ತಂದ ಎಮ್ಮೆ. ಠಾಣೆಯಲ್ಲಿ ಎಫ್‌ಐಆರ್ ಹಾಕಿಕೊಳ್ಳಲಿಲ್ಲ, ಇವತ್ತು ಬಾ ನಾಳೆ ಬಾ ಅಂತ ಓಡಾಡಿಸಿದರು, ಕಡೆಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ಕೈಯಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದಾನೆ. ಆಗ ಮುಖ್ಯಮಂತ್ರಿಗಳು ಅವನ ಹೆಗಲ ಮೇಲೆ ಕೈಯಿಟ್ಟು, 'ಕದ್ದವನ ಮಕ್ಕಳೂ ಹಾಲು ಕುಡಿಯಲಿ ಬಿಡಪ್ಪ, ಅಲ್ಲೂ ಸಂಗಮನಾಥನೇ ಇದ್ದಾನೆ' ಅಂದರೆ? ಆ ರೈತ ಏನು ಮಾಡಬೇಕು? ತನ್ನ ಆಕಳನ್ನು ತಾನು ಬಿಟ್ಟುಕೊಡುವುದು ದೊಡ್ಡ ಗುಣ. ಇನ್ನೊಬ್ಬನ ಎಮ್ಮೆಯನ್ನು ಅವನ ಪರವಾಗಿ ನಾವು ಬಿಟ್ಟುಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ. ಮುಖ್ಯಮಂತ್ರಿ ಕೈಯಲ್ಲಿ ಇರುವುದೆಲ್ಲ ಇನ್ನೊಬ್ಬರ ಎಮ್ಮೆಯೇ ಮೇಡಂ, ಅವರದು ಅಂತ ಅಲ್ಲಿ ಏನೂ ಇಲ್ಲ.

ಬಸವಣ್ಣನಿಗೆ ಇದು ತಿಳಿದಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ರಾಜನ ಭಂಡಾರವನ್ನು ಅಷ್ಟು ಬಿಗಿಯಾಗಿ ಕಾಯ್ದವರು ತಮ್ಮ ಕೊಟ್ಟಿಗೆಯನ್ನು ಮಾತ್ರ ಸಡಿಲ ಬಿಟ್ಟರು, ನೋಡಿ. ಎರಡಕ್ಕೂ ವ್ಯತ್ಯಾಸ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ನನ್ನ ತಕರಾರು ನಮ್ಮ ಮೇಲೆ. ಸಂತನಾದವನ ಕೊಟ್ಟಿಗೆ ನೋಡಿ ಅವನಿಗೆ ರಾಜ್ಯ ಕೊಟ್ಟುಬಿಡೋಣ ಅಂತೀವಿ.

ಇನ್ನು ಕಲ್ಯಾಣದ ಕಡೆಯ ದಿನಗಳು. ಹರಳಯ್ಯ ಸಮಗಾರರು. ದಾರಿಯಲ್ಲಿ ಎದುರಾದಾಗ ಅವರು 'ಶರಣು' ಅಂದರೆ ಬಸವಣ್ಣ 'ಶರಣು ಶರಣಾರ್ಥಿ' ಅಂದರಂತೆ. ಒಂದು ಶರಣಿಗೆ ಎರಡು ಶರಣು, ಅದೂ ರಾಜನ ಮಂತ್ರಿಯಿಂದ! ಆ ಒಂದು ಹೆಚ್ಚಿನ ಶರಣಿನ ಋಣ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದರು ಅಂತ ಕಥೆ. ಇದೇ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಮದುವೆ ಆಯಿತು. ಊರು ಹೊತ್ತಿ ಉರಿಯಿತು. ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ, ಆನೆ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿ ಕೊಲ್ಲಿಸಿದ. ಬಸವಣ್ಣ ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ನಡೆದರು. 1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆಯೂ ಮುಗಿಯಿತು, ಶರಣರು ಚೆಲ್ಲಾಪಿಲ್ಲಿ ಆದರು, ಒಂದು ಗುಂಪು ಚನ್ನಬಸವಣ್ಣನ ಜೊತೆ ಕಾಡು ದಾಟಿ ಉಳವಿಗೆ ಹೋಯಿತು.

ಅಲ್ಲಿ ಬಸವಣ್ಣ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಮದುವೆ ನಿಲ್ಲಿಸಿ ಕುರ್ಚಿ ಉಳಿಸಿಕೊಂಡಿದ್ದರೆ ಇವತ್ತು ನಾವು ಅವರ ಹೆಸರನ್ನೇ ಎತ್ತುತ್ತಿರಲಿಲ್ಲ. ಆದರೆ ರಾಜಕೀಯ ನಾಯಕನ ಲೆಕ್ಕದಲ್ಲಿ ನೋಡಿದರೆ ಒಂದು ಕಹಿ ಮಾತು ಹೇಳಲೇಬೇಕು. ನಂಬಿ ಬಂದವರನ್ನು ಕಾಪಾಡುವಷ್ಟು ಬಲ ಅವರ ಕೈಯಲ್ಲಿ ಇರಲಿಲ್ಲ. ಕತ್ತಿ ಬಿಜ್ಜಳನದು. ಮಂತ್ರಿ ಎಷ್ಟೇ ಒಳ್ಳೆಯವನಾದರೂ ರಾಜನ ಮನಸ್ಸು ತಿರುಗಿದ ದಿನ ಹರಳಯ್ಯನ ಮನೆಗೆ ದಿಕ್ಕಿಲ್ಲ. ಇವತ್ತು ಅಂಥದೇ ಒಂದು ಜೋಡಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ರಿಜಿಸ್ಟ್ರಾರ್ ಕಚೇರಿ ಇದೆ, ಕೋರ್ಟು ಇದೆ. ಮರ್ಯಾದೆಗೇಡು ಹತ್ಯೆಗಳು ಇನ್ನೂ ನಡೆಯುತ್ತಿವೆ ನಿಜ, ಆದರೆ ಈಗ ಅದು ಕೊಲೆ, ರಾಜದಂಡನೆ ಅಲ್ಲ. ಆ ವ್ಯತ್ಯಾಸ ಬಂದಿದ್ದು ಕಾನೂನಿನಿಂದ. ಒಬ್ಬ ಪುಣ್ಯಾತ್ಮ ಅಧಿಕಾರದಲ್ಲಿ ಇದ್ದಾನೋ ಇಲ್ಲವೋ ಅಂತ ಆ ಹುಡುಗ ಹುಡುಗಿ ಕಾಯಬೇಕಾಗಿಲ್ಲ.

ಪ್ರಶ್ನೆ: ಮುಖ್ಯಮಂತ್ರಿ ಆಮೇಲಿನ ಮಾತು. ಬಸವಣ್ಣನಿಗೆ ಯಾವ ಪಕ್ಷ ಟಿಕೆಟ್ ಕೊಡುತ್ತೆ?
— ಬೆಂಗಳೂರಿನಿಂದ ಒಬ್ಬ ಓದುಗ

ಉತ್ತರ: ಫೋಟೊ ಎಲ್ಲರೂ ಹಾಕಿಕೊಳ್ಳುತ್ತಾರೆ, ಟಿಕೆಟ್ ಯಾರೂ ಕೊಡಲ್ಲ. ಹೈಕಮಾಂಡ್ ಕೇಳುವ ಮೊದಲನೇ ಪ್ರಶ್ನೆಯೇ 'ನಿಮ್ಮ ಸಮುದಾಯದ ವೋಟು ಎಷ್ಟಿದೆ' ಅಂತ. 'ಇವನಾರವ ಇವನಾರವ ಇವನಾರವನೆಂದೆನಿಸದಿರಯ್ಯಾ' ಅಂದವರು ಅದಕ್ಕೆ ಏನಂತ ಉತ್ತರ ಕೊಡುತ್ತಾರೆ ಹೇಳಿ. ಅವರ ಹೆಸರಿನಲ್ಲೇ ಪ್ರತ್ಯೇಕ ಧರ್ಮ ಬೇಕು, ಬೇಡ ಅಂತ 2018ರ ಚುನಾವಣೆ ಹೊತ್ತಿನಲ್ಲಿ ಎಷ್ಟು ಕಿತ್ತಾಟ ಆಯಿತು, ನೆನಪಿದೆಯಲ್ಲ. ಪಕ್ಷೇತರರಾಗಿ ನಿಂತರೆ ಬಸವಕಲ್ಯಾಣದಲ್ಲೂ ಠೇವಣಿ ಉಳಿಯುವುದು ಅನುಮಾನ.

ಪ್ರಶ್ನೆ: ಈಗಿನ ಸ್ವಾಮೀಜಿಗಳು ಚುನಾವಣೆಗೆ ನಿಲ್ಲುವುದು ಸರಿಯೇ? ಕಾನೂನು ಏನು ಹೇಳುತ್ತದೆ? ನಿಮ್ಮ ಅಭಿಪ್ರಾಯವನ್ನೂ ಮುಚ್ಚುಮರೆ ಇಲ್ಲದೆ ಹೇಳಿ.
— ಒಬ್ಬ ನಿವೃತ್ತ ನೌಕರರು, ವಿಜಯಪುರ

ಉತ್ತರ: ಕಾನೂನು ಬೇಡ ಅನ್ನುವುದಿಲ್ಲ ಹಿರಿಯರೇ. ಕಾವಿ ತೊಟ್ಟವರೂ ಪ್ರಜೆಗಳೇ. 25 ವರ್ಷ ತುಂಬಿದ್ದು ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ವಿಧಾನಸಭೆಗೆ ನಿಲ್ಲಬಹುದು. ಧರ್ಮದ ಹೆಸರಿನಲ್ಲಿ ವೋಟು ಕೇಳುವ ಹಾಗಿಲ್ಲ, ಅಷ್ಟೇ. ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಲ್ಲಿ ಅದು ಭ್ರಷ್ಟ ಆಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು ಮೂರರ ಬಹುಮತದಿಂದ, ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮ ಜಾತಿ ಹಿಡಿದು ಕೇಳಿದರೂ ತಪ್ಪೇ ಅಂದಿತು. ಮಠ ಮಂದಿರದ ಜಾಗವನ್ನು ರಾಜಕೀಯಕ್ಕೆ ಬಳಸಬಾರದು ಅಂತ 1988ರ ಕಾಯ್ದೆಯೂ ಇದೆ. ಇದೆಲ್ಲ ಎಷ್ಟು ಪಾಲನೆ ಆಗುತ್ತಿದೆ ಅಂತ ವಿಜಯಪುರದಲ್ಲಿ ಕೂತ ನಿಮಗೆ ನಾನು ಹೇಳಬೇಕಾ?

ಉದಾಹರಣೆ ಬೇಕಾದರೆ ಗೋರಖನಾಥ ಮಠದ ಮಹಂತರಾದ ಯೋಗಿ ಆದಿತ್ಯನಾಥ 2017ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಆದರು. ಅದಕ್ಕೂ ಮೊದಲು ಸನ್ಯಾಸಿನಿ ಉಮಾ ಭಾರತಿ 2003ರಲ್ಲಿ ಮಧ್ಯಪ್ರದೇಶದ ಮುಖ್ಯಮಂತ್ರಿ ಆಗಿ, ಮರುವರ್ಷವೇ ರಾಜೀನಾಮೆ ಕೊಟ್ಟರು. ಯಾಕೆ ಗೊತ್ತಾ? ನಮ್ಮ ಹುಬ್ಬಳ್ಳಿ ಈದ್ಗಾ ಮೈದಾನದ 1994ರ ಪ್ರಕರಣದಲ್ಲಿ ಇಲ್ಲಿನ ಕೋರ್ಟು ವಾರಂಟ್ ಹೊರಡಿಸಿತ್ತು. ಕಾವಿ ಅಂತ ಕೋರ್ಟು ರಿಯಾಯಿತಿ ಕೊಡಲಿಲ್ಲ. ನನಗೆ ಅದು ಇಷ್ಟವಾದ ಸಂಗತಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ನಿಲ್ಲಬೇಡಿ ಅಂತೀನಿ. ಅವರು ಕೆಟ್ಟವರು ಅಂತಲ್ಲ. ಬಹಳ ಮಠಗಳು ಶಾಲೆ ನಡೆಸುತ್ತವೆ, ಅನ್ನ ಹಾಕುತ್ತವೆ, ಆಡಳಿತದ ಅನುಭವ ಎಷ್ಟೋ ಶಾಸಕರಿಗಿಂತ ಜಾಸ್ತಿ ಇರುತ್ತದೆ. ತೊಂದರೆ ನಮ್ಮದು. ಯಾರ ಪಾದಕ್ಕೆ ಅಡ್ಡಬಿದ್ದಿದ್ದೇವೋ ಅವರ ಎದುರು ನಿಂತು 'ಬುದ್ಧೀ, ನಮ್ಮೂರ ರಸ್ತೆ ಬಿಲ್ ಪಾಸಾಗಿದೆ, ರಸ್ತೆ ಎಲ್ಲಿ' ಅಂತ ಕೇಳುವ ನಾಲಿಗೆ ನಮಗೆ ಬರಲ್ಲ. ಕೇಳಿದರೂ ಪಕ್ಕದವರು ಬಾಯಿ ಮುಚ್ಚಿಸುತ್ತಾರೆ. ಶಾಸಕನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬೈಯಬಹುದು, ಬೈದಿದ್ದೇವೆ ಕೂಡ. ಗುರುವನ್ನು ಬೈದರೆ ಪಾಪ ಬರುತ್ತೆ ಅಂತ ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದಾರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಒಂದು ಚುನಾವಣೆಗೂ ನಿಲ್ಲಲಿಲ್ಲ. ಅಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ ಹೋದರು, ಎಲ್ಲ ಪಕ್ಷದವರೂ ಅಲ್ಲಿಗೇ ಬಂದು ಕೈ ಮುಗಿದರು. ಶಾಸಕರಾಗಿದ್ದರೆ ಅರ್ಧ ಪಕ್ಷದವರು ತುಮಕೂರಿನ ದಾರಿಯನ್ನೇ ತುಳಿಯುತ್ತಿರಲಿಲ್ಲ.

ಪ್ರಶ್ನೆ: ಅನುಭವ ಮಂಟಪ ಜಗತ್ತಿನ ಮೊದಲ ಪಾರ್ಲಿಮೆಂಟ್ ಅಂತಾರೆ. ಒಪ್ಪುತ್ತೀರಾ?
— ಒಬ್ಬ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇಲ್ಲಮ್ಮ. ಅಲ್ಲಿಗೆ ಯಾರೂ ವೋಟು ಹಾಕಿ ಕಳಿಸಿರಲಿಲ್ಲ. ಅಲ್ಲಿ ತೆರಿಗೆ, ಬಜೆಟ್ ಪಾಸು ಮಾಡುತ್ತಿರಲಿಲ್ಲ. ರಾಜ್ಯ ಆಳುತ್ತಿದ್ದದ್ದು ಬಿಜ್ಜಳ. ಪಾರ್ಲಿಮೆಂಟ್ ಅಂತ ಕರೆದು ದೊಡ್ಡದು ಮಾಡುವ ಅಗತ್ಯ ಅದಕ್ಕಿಲ್ಲ.

ಆದರೆ ಈಗಿನ ಸದನದಲ್ಲಿ ಕಾಣದ ಒಂದು ವಿಷಯ ಅಲ್ಲಿತ್ತು. ಶೂನ್ಯ ಸಿಂಹಾಸನದ ಮೇಲೆ ಬಸವಣ್ಣ ಕೂರಲಿಲ್ಲ. ಅಲ್ಲಮನನ್ನು ಕೂರಿಸಿದರು. ಮನೆ ತನ್ನದು, ಊಟ ತನ್ನದು, ಜನ ಬಂದಿದ್ದು ತನ್ನ ಹೆಸರು ಕೇಳಿ, ಆದರೂ ಪೀಠ ಇನ್ನೊಬ್ಬರಿಗೆ. ಆ ಅಲ್ಲಮ ಮುಖ ಮೋರೆ ನೋಡದೆ ಬಸವಣ್ಣನನ್ನೇ ಪ್ರಶ್ನೆ ಕೇಳುತ್ತಾನೆ.

ಅದಕ್ಕಿಂತ ನನಗೆ ಇಷ್ಟ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬಸವಣ್ಣನ ಮನೆಯಾದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಅಕ್ಕಿ ದಿನಕ್ಕಿಂತ ಜಾಸ್ತಿ ಬಂತು. ಆಕೆ ಮೊರ ಮುಂದಿಟ್ಟುಕೊಂಡು ಗಂಡನನ್ನು ಹಿಡಿದುಕೊಂಡಳು: 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?' ಈಸಕ್ಕಿಯ ಆಸೆ ನಿಮಗೇಕೆ, ತಗೊಂಡು ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. ಆ ಅಕ್ಕಿ ಬಂದಿದ್ದು ಮಂತ್ರಿಯ ಮನೆಯಿಂದ. ಅದನ್ನು ಬೇಡ ಅಂದಿದ್ದು ಅಕ್ಕಿ ಆಯ್ದು ಬದುಕುವ ಹೆಂಗಸು. ಮೋಳಿಗೆ ಮಾರಯ್ಯನದೂ ಇಂಥದೇ ಕಥೆ. ಸೌದೆ ಮಾರುವ ಅವರ ಮನೆಯಲ್ಲಿ ಬಸವಣ್ಣ ಗುಟ್ಟಾಗಿ ಹೊನ್ನು ಇಟ್ಟು ಬಂದರೆ ಅವರು ಅದನ್ನು ಜಂಗಮರಿಗೆ ಹಂಚಿಬಿಟ್ಟು, ಕೊಡುತ್ತೇನೆ ಅನ್ನುವ ಗರ್ವ ನಿಮಗೆ ಯಾಕೆ ಅಂತ ಮಂತ್ರಿಯನ್ನೇ ತರಾಟೆಗೆ ತಗೊಂಡರು. ಬಸವಣ್ಣ ಸುಮ್ಮನೆ ಕೇಳಿಸಿಕೊಂಡರು. ಈ ಕೇಳಿಸಿಕೊಳ್ಳುವ ಕಿವಿ ಇದೆಯಲ್ಲ, ಇವತ್ತಿನ ನಾಯಕರಿಗೆ ಬಸವಣ್ಣನಿಂದ ಸಾಲ ಕೊಡಿಸುವುದಾದರೆ ನಾನು ಅದೊಂದನ್ನೇ ಕೊಡಿಸುತ್ತೇನೆ.

ಅಂದಹಾಗೆ, ಸರ್ಕಾರಿ ಕಚೇರಿ ಗೋಡೆಗಳ ಮೇಲೆ ಬಸವಣ್ಣನ ಚಿತ್ರದ ಕೆಳಗೆ ಬರೆಯುವ 'ಕಾಯಕವೇ ಕೈಲಾಸ' ಇದೇ ಲಕ್ಕಮ್ಮನ ಗಂಡ ಆಯ್ದಕ್ಕಿ ಮಾರಯ್ಯನ ವಚನದ್ದು. ಪರೀಕ್ಷೆಯಲ್ಲಿ ಬಂದರೆ ತಪ್ಪು ಬರೆಯಬೇಡಮ್ಮ.

ಪ್ರಶ್ನೆ: ತಮಾಷೆಗೆ ಕೇಳುತ್ತೇನೆ, ಕೋಪ ಬೇಡ. ಶರಣರದ್ದೇ ಒಂದು ಸಂಪುಟ ಮಾಡಿ ಅಂತ ನಿಮಗೆ ಬಿಟ್ಟರೆ ಯಾರಿಗೆ ಯಾವ ಖಾತೆ?
— ಶಿವಮೊಗ್ಗದಿಂದ ಒಬ್ಬ ಓದುಗ

ಉತ್ತರ: ಕೋಪ ಯಾಕೆ, ಇದನ್ನೇ ಕಾಯುತ್ತಿದ್ದೆ. ಹಣಕಾಸು ಬಸವಣ್ಣನಿಗೆ, ಅದರಲ್ಲಿ ಎರಡನೇ ಮಾತಿಲ್ಲ, ಲೆಕ್ಕ ತಪಾಸಣೆ ಮಾತ್ರ ಲಕ್ಕಮ್ಮನ ಕೈಯಲ್ಲಿ. ಗೃಹ ಖಾತೆ ಮಡಿವಾಳ ಮಾಚಿದೇವರಿಗೆ. ಬಿಜ್ಜಳನ ಕಡೆಯ ಸೈನ್ಯ ಬೆನ್ನಟ್ಟಿದಾಗ ವಚನದ ಕಟ್ಟುಗಳನ್ನು ಕಾಯ್ದವರು ಅವರೇ ಅಂತಾರೆ, ಎಮ್ಮೆ ಕಳ್ಳರನ್ನು ಬಿಡುವ ಪೈಕಿ ಅಲ್ಲ. ಕಾರ್ಮಿಕ ಖಾತೆ ನುಲಿಯ ಚಂದಯ್ಯನಿಗೆ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಕೆಲಸ ನಿಲ್ಲಿಸದ ಮನುಷ್ಯ. ಲೋಕಾಯುಕ್ತಕ್ಕೆ ಸತ್ಯಕ್ಕ. ಅಂಗಳ ಗುಡಿಸುವ ಕಾಯಕ ಆಕೆಯದು, 'ಲಂಚವಂಚನಕ್ಕೆ ಕೈಯಾನದ ಭಾಷೆ' ಅಂತ ಬರೆದಿಟ್ಟಿದ್ದಾಳೆ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಅಂತ ಆಣೆ ಬೇರೆ. ಅಕ್ಕಮಹಾದೇವಿಗೆ ಕೇಳಲು ಧೈರ್ಯ ಇಲ್ಲ, ಅರಮನೆಯನ್ನೇ ಬಿಟ್ಟು ಬಂದವರು ಖಾತೆ ತಗೊಳ್ಳುತ್ತಾರಾ?

ಸ್ಪೀಕರ್ ಅಲ್ಲಮ. ವಿರೋಧ ಪಕ್ಷದ ನಾಯಕ ಅಂಬಿಗರ ಚೌಡಯ್ಯ. ಚೌಡಯ್ಯನ ಬಾಯಿ ನಿಮಗೆ ಗೊತ್ತಲ್ಲ, ವಚನದಲ್ಲೇ ಪಾದರಕ್ಷೆ ತೆಗೆದು ಹೊಡೆಯುವವನು. ಮೊದಲ ಅಧಿವೇಶನದಲ್ಲೇ ಕಡತದಿಂದ ಪದ ತೆಗೆಸುವ ಸಿಬ್ಬಂದಿ ಸಾಲದೆ ಬರುತ್ತದೆ ಅನ್ನುವುದೊಂದೇ ಚಿಂತೆ.